ಒಂದು ಗೆಲ್ಲಿಗೆ ಇಪ್ಪತ್ತೆರಡು ಇಂಚಿನ ಮೆಷಿನ್

ಮಟ್ಟುವಿನಲ್ಲಿ ನಮ್ಮದು ಹನ್ನೊಂದು ಸೆಂಟ್ಸ್ ಜಾಗ, ಎಕ್ರೆಯ ಹತ್ತನೇ ಒಂದು ಪಾಲು ಅನ್ನಿ. ಅದರಲ್ಲಿ ಮನೆ, ಬಾವಿ, ಬಚ್ಚಲು, ಬಟ್ಟೆ ಒಗೆಯುವ ಕಲ್ಲು ಮತ್ತು ನಾಲ್ಕು ಸಾಲು ಗುಳ್ಳ ಬದನೆ ಕಳೆದರೆ ಉಳಿಯುವುದು ಎರಡು ತೆಂಗಿನ ಮರ, ಒಂದು ಕರಿಬೇವಿನ ಗಿಡ, ಒಂದು ಮಾವಿನ ಮರ. ಇದನ್ನು ನನ್ನ ಯಜಮಾನರು ಕಾರ್ಕಳದ ಅಂಗಡಿಯೊಂದರಲ್ಲಿ "ತೋಟ" ಎಂದು ಹೇಳಿದರು. ಆಮೇಲೆ ನಡೆದದ್ದನ್ನೆಲ್ಲ ಬರೆದಿಡಬೇಕೆಂದು ಎರಡು ತಿಂಗಳಿನಿಂದ ಅಂದುಕೊಳ್ಳುತ್ತಿದ್ದೇನೆ. ಕೂತಾಗಲೆಲ್ಲ ಕುಕ್ಕರ್ ಕೂಗುತ್ತದೆ. ಇವತ್ತು ಕುಕ್ಕರನ್ನು ಇಳಿಸಿಯೇ ಕೂತಿದ್ದೇನೆ.

ಮಾವಿನ ಮರ ನಿಜವಾಗಿ ನಮ್ಮದಲ್ಲ. ಅದು ನನ್ನ ಮಾವ ದೂಮಪ್ಪನವರದ್ದು. ಅವರಿಗೆ ಎಂಬತ್ತನಾಲ್ಕು ವರ್ಷ. ಆಯುಷ್ಯವಿಡೀ ಕಡಲ ದಡದಿಂದ ಕೈರಂಪಣಿ ಬಲೆ ಎಳೆದ ಜನ, ಈಗಲೂ ಬಾವಿಯಿಂದ ಕೊಡ ಸೇದುತ್ತಾರೆ. ನಮ್ಮ ಕಡೆ ಮನೆಯ ಹಿರಿಯರು ತೀರಿಕೊಂಡರೆ ಹಿತ್ತಿಲಿನ ಮಾವಿನ ಮರವನ್ನು ಕಡಿದು ಅದೇ ಕಟ್ಟಿಗೆಯಲ್ಲಿ ಕಳುಹಿಸಿಕೊಡುವುದು ಕ್ರಮ. ಅತ್ತೆ ಹೋದಾಗ ಪಡು ಬದಿಯ ಮರ ಹೋಯಿತು. ಉಳಿದದ್ದು ಮೂಡು ಬದಿಯದ್ದು. ತಮ್ಮ ಮದುವೆಯಾದ ವರ್ಷ ಮಾವನೇ ನೆಟ್ಟದ್ದು. ಮನೆಗೆ ಯಾರು ಬಂದರೂ ಮಾವ ಅದನ್ನು ಕೈ ಮಾಡಿ ತೋರಿಸುತ್ತಿದ್ದರು.

"ಅದು ನನ್ನ ಟಿಕೆಟ್. ರಿಸರ್ವ್ ಆಗಿ ಉಂಟು. ಡೇಟ್ ಒಂದು ಹಾಕಿಲ್ಲ."

ಹೀಗಿರುವಾಗ ಬೆಳಿಗ್ಗೆ ಬೆಳಿಗ್ಗೆ ಮಾವಿನ ಮರಕ್ಕೆ ಗರಗಸ ಬಿದ್ದ ಶಬ್ದ ಕೇಳಿದರೆ ನಮ್ಮೂರಿನಲ್ಲಿ ಯಾರೂ ಯಾಕೆ ಎಂದು ಕೇಳುವುದಿಲ್ಲ. ಕೈಯಲ್ಲಿದ್ದ ಕೆಲಸ ಬಿಟ್ಟು ಬರುತ್ತಾರೆ. ಕೇಳಿದರೆ ಮನೆಯವರ ಬಾಯಿಂದ ಆ ಮಾತನ್ನು ಹೇಳಿಸಿದ ಹಾಗೆ ಆಗುತ್ತದಲ್ಲ, ಅದಕ್ಕೆ. ಎಷ್ಟು ಮರ್ಯಾದೆಯ ಜನ ನಮ್ಮವರು ಎಂದು ನನಗೆ ಈ ವಿಷಯದಲ್ಲಿ ಯಾವಾಗಲೂ ಹೆಮ್ಮೆ ಇತ್ತು. ಏಪ್ರಿಲ್‌ನ ಆ ಭಾನುವಾರದವರೆಗೆ ಇತ್ತು.

ಸುರುವಾದದ್ದು ಪಕ್ಕದ ಮನೆಯ ಅಬ್ದುಲ್ ವಹಾಬರಿಂದ. ಇಪ್ಪತ್ತು ವರ್ಷ ಗಲ್ಫಿನಲ್ಲಿದ್ದು ಬಂದವರು, ಬೇಲಿಯ ಆಚೆ ನಿಂತು ಮಾತಾಡುವಾಗಲೂ ಚಪ್ಪಲಿ ಕಳಚಿ ನಿಲ್ಲುವಷ್ಟು ಮೃದು ಮನುಷ್ಯ.

"ಯೋಗೀಶಣ್ಣ, ಬೇಜಾರು ಮಾಡಬೇಡಿ. ಮೇ ತಿಂಗಳಲ್ಲಿ ಮಗಳು ಸಮೀಹಾಳ ಮದುವೆ ಅಲ್ವಾ, ಅಂಗಳಕ್ಕೆ ತಗಡಿನ ಶೀಟು ಹಾಕಿಸಿದ್ದೇನೆ. ನಿಮ್ಮ ಮಾವಿನ ಮರದ ಒಂದು ಗೆಲ್ಲು ಈಚೆ ಚಾಚಿ ಸರಿಯಾಗಿ ಅದರ ಮೇಲೆ ಉಂಟು. ಕಾಯಿ ಬಿದ್ದಾಗಲೆಲ್ಲ ಮಧ್ಯಾಹ್ನ ಮಲಗಿದ ನಮ್ಮ ಉಮ್ಮ ಭೂಕಂಪ ಅಂತ ಎದ್ದು ಅಂಗಳಕ್ಕೆ ಓಡುತ್ತಾರೆ."

"ಅದಕ್ಕೆಂತ, ಒಂದು ಗೆಲ್ಲು ತಾನೇ?" ಎಂದರು ನಮ್ಮವರು. ಆಮೇಲೆ ಮಾವನನ್ನು ಕೇಳಿದರು.

ಮಾವ ಎದ್ದು ಅಂಗಳದ ತುದಿಗೆ ಹೋದರು. ಎಲೆ ಅಡಿಕೆ ಉಗುಳಿ ಬಂದು ಹೇಳಿದರು, "ಒಂದು ಗೆಲ್ಲು. ವಹಾಬನ ಬದಿಯದ್ದು. ಬುಡ ಮುಟ್ಟಬಾರದು." ಮಗನ ಮುಖವನ್ನು ಒಮ್ಮೆ ನೋಡಿ ನನ್ನ ಕಡೆ ತಿರುಗಿದರು. "ಹರಿಣಾ, ನೀನು ನೋಡಿಕೊಳ್ಳಬೇಕು ಮಗಾ. ಇವನ ಮೇಲೆ ಬಿಟ್ಟರೆ ಆಗಲಿಕ್ಕಿಲ್ಲ."

"ನಾನು ನೋಡಿಕೊಳ್ಳುತ್ತೇನೆ ಮಾವ," ಎಂದೆ.

ಈ ಮಾತನ್ನು ನಾನು ಹೇಳಿದ್ದು ಬೆಂಡೆಕಾಯಿ ಹೆಚ್ಚುತ್ತಾ. ಆದರೂ ಹೇಳಿದ್ದು ಹೌದು.

ಯಜಮಾನರ ಬಗ್ಗೆ ಒಂದೆರಡು ಮಾತು ಹೇಳಬೇಕು. ಅವರು ಮಣಿಪಾಲದಲ್ಲಿ ಒಂದು ಹಾಸ್ಟೆಲಿನ ಸ್ಟೋರ್ ಕೀಪರ್. ಒಳ್ಳೆಯವರು. ಆದರೆ ಮೀನುಗಾರರ ಮನೆಯಲ್ಲಿ ಹುಟ್ಟಿಯೂ ದೋಣಿ ಹತ್ತಿದರೆ ವಾಂತಿ. ಹದಿನೇಳನೆಯ ವಯಸ್ಸಿನಲ್ಲಿ ಮಾವ ಮೂರು ಸಲ ಕಡಲಿಗೆ ಕರೆದುಕೊಂಡು ಹೋಗಿ ಮೂರು ಸಲವೂ ವಾಪಸು ತಂದು ಬಿಟ್ಟಿದ್ದರಂತೆ. ಅಂದಿನಿಂದ ಇಂದಿನವರೆಗೆ ಇಂಜಿನ್ ಇರುವ ಯಾವುದನ್ನಾದರೂ ತಂದೆಯ ಕಣ್ಣೆದುರು ಒಮ್ಮೆ ನಡೆಸಿ ತೋರಿಸಬೇಕು ಎಂಬುದು ಅವರ ಮನಸ್ಸಿನಲ್ಲಿ ಉಳಿದಿದೆ. ಬಾಯಿಬಿಟ್ಟು ಹೇಳಿಲ್ಲ. ಹದಿನಾಲ್ಕು ವರ್ಷ ಸಂಸಾರ ಮಾಡಿದ ಮೇಲೆ ಕೆಲವನ್ನು ಹೇಳಬೇಕಾಗುವುದಿಲ್ಲ.

ಮರ ಕೊಯ್ಯಲು ಕಟಪಾಡಿಯ ವಿಲ್ಫ್ರೆಡ್ ಇದ್ದಾನೆ. ಫೋನ್ ಮಾಡಿದರೆ, "ಈಸ್ಟರ್ ಕಳೆದು ಬರುತ್ತೇನೆ ಯೋಗೀಶಣ್ಣ," ಎಂದ.

"ಒಂದು ಗೆಲ್ಲಿಗೆ ಈಸ್ಟರ್ ಕಾಯುವುದಾ?" ನಮ್ಮವರಿಗೆ ಸಿಟ್ಟು ಬಂತು. "ಒಂದು ಮೆಷಿನ್ ಮನೆಯಲ್ಲಿಯೇ ಇದ್ದರೆ ಎಂತ?"

ಆಮೇಲೆ ಎರಡು ವಾರ ಅವರು ಮೊಬೈಲಿನಲ್ಲಿ ಮರ ಕಡಿಯುವ ವಿಡಿಯೊ ನೋಡಿದರು. ಹಿಮ ಬೀಳುವ ಊರುಗಳಲ್ಲಿ ಗಡ್ಡದವರು ಇಪ್ಪತ್ತಾಳೆತ್ತರದ ಮರಗಳನ್ನು ಉರುಳಿಸುವುದನ್ನು ನೋಡುತ್ತಾ ನೀರುದೋಸೆ ತಿಂದರು. "ಬಾರ್" ಎಂದರೆ ಗರಗಸದ ಅಲಗು, "ಕಿಕ್‌ಬ್ಯಾಕ್" ಎಂದರೆ ಅದು ತಿರುಗಿ ಮುಖಕ್ಕೆ ಹೊಡೆಯುವುದು ಎಂದು ನಮ್ಮ ಮಗಳು ಮಾನಸಳಿಗೆ ಕಲಿಸಿದರು. ಅವಳು ಎರಡನೇ ಕ್ಲಾಸು. ಮಗ್ಗಿ ಕಲಿಸಿ ಎಂದು ನಾನು ಹೇಳಿದ್ದೆ.

ಶನಿವಾರ ಮೂವರೂ ಕಾರ್ಕಳಕ್ಕೆ ಹೋದೆವು. ಕುಕ್ಕುಂದೂರಿನಲ್ಲಿ ಅವರ ಅಕ್ಕ ಸರಸ ಇದ್ದಾರೆ. ಅವರ ಗುರುತಿನ ಡೆರಿಕ್ ಎಂಬವರ ಮೆಷಿನ್ ಅಂಗಡಿ ಪೇಟೆಯಲ್ಲಿದೆ.

ಡೆರಿಕ್ ಕನ್ನಡಕದ ಮೇಲಿನಿಂದ ನೋಡಿ ಕೇಳಿದರು, "ಎಷ್ಟು ದಪ್ಪದ್ದು ಕೊಯ್ಯಲಿಕ್ಕೆ ಉಂಟು?"

ನಮ್ಮವರು ತಮ್ಮ ತೊಡೆಯನ್ನು ಮುಟ್ಟಿ ತೋರಿಸಿದರು. ಡೆರಿಕ್ ಆ ತೊಡೆಯನ್ನು ಸ್ವಲ್ಪ ಹೊತ್ತು ನೋಡಿದರು.

"ಇದಕ್ಕೆ ಕೈಗರಗಸ ಸಾಕು ಮಾರಾಯ್ರೆ."

ನಮ್ಮವರು ತೊಡೆಯ ಮೇಲಿನ ಕೈ ತೆಗೆದರು. ಡೆರಿಕ್ ತಾವು ಆಡಿದ ಮಾತನ್ನು ಸರಿಮಾಡಲು ಒಂದು ಸಣ್ಣ ಬ್ಯಾಟರಿಯ ಮೆಷಿನನ್ನು ಮೇಜಿನ ಮೇಲಿಟ್ಟರು. "ಹಾಗಾದರೆ ಇದು ನೋಡಿ. ಹತ್ತು ಇಂಚಿನ ಬಾರ್, ಹಗುರ. ಪೆಟ್ರೋಲ್ ಬೇಡ, ಹೊಗೆ ಇಲ್ಲ, ಶಬ್ದ ಕಡಿಮೆ. ಮನೆ ಹಿತ್ತಿಲಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಅಕ್ಕ ಕೂಡ ಹಿಡಿಯಬಹುದು," ಎಂದು ನನ್ನನ್ನು ತೋರಿಸಿದರು.

ಒಳ್ಳೆಯ ಮಾತು. ಆದರೆ ಕೊನೆಯ ವಾಕ್ಯ ಬೇಡವಾಗಿತ್ತು. ಅಕ್ಕ ಕೂಡ ಹಿಡಿಯಬಹುದಾದ ಮೆಷಿನನ್ನು ಹಿಡಿದುಕೊಂಡು ಮನೆಗೆ ಹೋಗುವ ಗಂಡಸು ಇನ್ನೂ ಹುಟ್ಟಿಲ್ಲ. ಅಷ್ಟರಲ್ಲಿ ಘಟ್ಟದ ಬುಡದ ಕಡೆಯಿಂದ ಪಿಕಪ್ ತಂದಿದ್ದ ದಪ್ಪ ಮೀಸೆಯವರೊಬ್ಬರು ಇಪ್ಪತ್ತೆರಡು ಇಂಚಿನ ಪೆಟ್ರೋಲ್ ಮೆಷಿನನ್ನು ಒಂದೇ ಕೈಯಲ್ಲಿ ಎತ್ತಿ ನೋಡುತ್ತಿದ್ದರು. ನಮ್ಮವರನ್ನು ಕಂಡು ಸ್ನೇಹದಿಂದ ಕೇಳಿದರು, "ನಿಮ್ಮದೂ ತೋಟವಾ?"

"ಹೌದು. ಸ್ವಲ್ಪ ಉಂಟು."

"ಎಷ್ಟು?"

"ಹನ್ನೊಂದು."

ಅವರು ಸುಳ್ಳು ಹೇಳಲಿಲ್ಲ. ಸೆಂಟ್ಸ್ ಎಂಬುದನ್ನು ಬಿಟ್ಟರು, ಅಷ್ಟೇ.

"ಹನ್ನೊಂದು ಎಕ್ರೆಗೆ ಇದೇ ಸರಿ," ಎಂದರು ಮೀಸೆಯವರು. "ರಬ್ಬರಾ?"

"ಮಿಕ್ಸೆಡ್."

ಎರಡು ತೆಂಗು, ಒಂದು ಮಾವು, ಒಂದು ಕರಿಬೇವು. ಮಿಕ್ಸೆಡ್ ಹೌದು.

ಮತ್ತೆ ಹಿಂದೆ ಬರುವ ದಾರಿ ಇರಲಿಲ್ಲ. ಇಪ್ಪತ್ತೆರಡು ಇಂಚಿನದ್ದೇ ಆಯಿತು. ಡೆರಿಕ್ ಪಾಪ, ತಾಳ್ಮೆಯಿಂದ ಎಲ್ಲ ಹೇಳಿಕೊಟ್ಟರು. ಪೆಟ್ರೋಲಿಗೆ ಟು-ಸ್ಟ್ರೋಕ್ ಆಯಿಲ್ ಅಳತೆಯಲ್ಲಿ ಬೆರೆಸಬೇಕು, ಚೈನಿನ ಆಯಿಲ್ ಬೇರೆ, ಅಲಗಿನ ತುದಿಯಿಂದ ಕೊಯ್ಯಬಾರದು. "ಗೆಲ್ಲಿಗೆ ಅಡಿಯಿಂದ ಸ್ವಲ್ಪ ಮಾತ್ರ ಗಾಯ ಮಾಡಿ, ಉಳಿದದ್ದನ್ನು ಮೇಲಿನಿಂದ ಕೊಯ್ಯಬೇಕು. ಅಡಿಯಿಂದಲೇ ಕೊಯ್ದುಕೊಂಡು ಹೋದರೆ ಭಾರಕ್ಕೆ ಬಾರ್ ಕಚ್ಚಿಕೊಳ್ಳುತ್ತದೆ."

"ಗೊತ್ತುಂಟು, ಗೊತ್ತುಂಟು," ಎಂದರು ನಮ್ಮವರು. ಮೀಸೆಯವರು ಇನ್ನೂ ಅಲ್ಲೇ ಇದ್ದರು.

ಪೆಟ್ಟಿಗೆ ಕಟ್ಟುವಾಗ ಡೆರಿಕ್ ಮೆಲ್ಲಗೆ ನನ್ನನ್ನು ಕೇಳಿದರು, "ಅಕ್ಕಾ, ನಿಜವಾಗಿ ಎಷ್ಟು ಮರ ಉಂಟು?"

"ಕೊಯ್ಯಲಿಕ್ಕೆ ಇರುವುದು ಒಂದೇ. ಮಾವಿನದ್ದು."

ಅವರ ಮುಖ ಬದಲಾಯಿತು. "ಓ. ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲವಾ?"

"ಮಾವನಿಗೆ ನಾಲ್ಕು ದಿನದಿಂದ ಕಫ."

ಡೆರಿಕ್ ಒಂದು ಬಾಟಲಿ ಚೈನ್ ಆಯಿಲನ್ನು ಸುಮ್ಮನೆ ಪೆಟ್ಟಿಗೆಯೊಳಗೆ ಇಟ್ಟರು. "ಧೈರ್ಯವಾಗಿರಿ ಅಕ್ಕಾ. ದೇವರಿದ್ದಾನೆ."

ಮೆಷಿನ್ ನಡೆಸುವುದಕ್ಕೆ ಇಷ್ಟು ಧೈರ್ಯ ಬೇಕೇ ಎಂದು ನನಗೆ ಆಶ್ಚರ್ಯವಾಯಿತು.

ಕುಕ್ಕುಂದೂರಿನಲ್ಲಿ ಸರಸ ಅತ್ತಿಗೆ ಊಟಕ್ಕೆ ಬಡಿಸುತ್ತಾ ಪೆಟ್ಟಿಗೆ ನೋಡಿದರು. "ಎಂತ ಯೋಗೀಶ ಅದು?"

"ಮರ ಕೊಯ್ಯುವ ಮೆಷಿನ್. ಮನೆಯಲ್ಲಿ ಒಂದು ಇರಬೇಕು ಅಕ್ಕ. ಯಾವಾಗ ಬೇಕಾಗುತ್ತದೆ ಅಂತ ಹೇಳಲಿಕ್ಕೆ ಬರುವುದಿಲ್ಲ. ಆ ಹೊತ್ತಿಗೆ ವಿಲ್ಫ್ರೆಡನನ್ನು ಹುಡುಕಿಕೊಂಡು ಓಡುವುದಾ?"

ಅತ್ತಿಗೆಯ ಕೈಯ ಸೌಟು ನಿಂತಿತು. "ಅಪ್ಪ ಹೇಗಿದ್ದಾರೆ?"

"ಕಫ. ಮಲಗಿಯೇ ಇದ್ದಾರೆ."

ಹೊರಡುವಾಗ ಅತ್ತಿಗೆ ನನ್ನನ್ನು ತಬ್ಬಿಕೊಂಡು ಅತ್ತರು. ನಾನೂ ಸ್ವಲ್ಪ ಅತ್ತೆ. ತಬ್ಬಿಕೊಂಡವರು ಅತ್ತರೆ ನನಗೆ ಅಳು ಬರುತ್ತದೆ, ಅದಕ್ಕೆ ಕಾರಣ ಬೇಡ.

ಕಾಪುವಿನಿಂದ ಮನೆಗೆ ಬರುವ ಬಸ್ಸಿನಲ್ಲಿ ನಮ್ಮ ಗುರಿಕಾರ ಸೂರಪ್ಪಣ್ಣ ಸಿಕ್ಕಿದರು. ಗುರಿಕಾರರೆಂದರೆ ಊರಿನ ಮೀನುಗಾರ ಮನೆಗಳ ಹಿರಿಯರು. ಮದುವೆ, ಮರಣ, ಜಗಳ ಎಲ್ಲದಕ್ಕೂ ಮುಂದೆ ನಿಲ್ಲುವವರು. ನಮ್ಮವರ ಮಡಿಲಲ್ಲಿದ್ದ ಪೆಟ್ಟಿಗೆಯ ಮೇಲಿನ ಚಿತ್ರ ನೋಡಿ ಸ್ವರ ತಗ್ಗಿಸಿದರು.

"ಮಾವಿನ ಮರಕ್ಕಾ?"

"ಹೌದು ಗುರಿಕಾರ್ರೇ."

"ಅಷ್ಟು ಹತ್ತಿರ ಬಂದಿದೆಯಾ?"

"ಹತ್ತಿರ ಅಂದರೆ, ವಹಾಬರ ಶೀಟಿಗೆ ತಾಗಿಯೇ ಉಂಟು. ನಾಳೆಯೇ ಆದರೆ ಒಳ್ಳೆಯದು. ಭಾನುವಾರ ನನಗೆ ರಜೆ."

ಗುರಿಕಾರರು ಅವರನ್ನೇ ದಿಟ್ಟಿಸಿದರು. "ಅದು ನಮ್ಮ ಕೈಯಲ್ಲಿ ಉಂಟಾ ಯೋಗೀಶ?"

"ನಮ್ಮ ಕೈಯಲ್ಲೇ ಉಂಟಲ್ಲ! ಇಪ್ಪತ್ತೆರಡು ಇಂಚಿನದ್ದು," ಎಂದು ನಮ್ಮವರು ಪೆಟ್ಟಿಗೆ ತಟ್ಟಿದರು.

ದುಃಖದಲ್ಲಿರುವವನ ಹತ್ತಿರ ಹೆಚ್ಚು ಮಾತಾಡಬಾರದೆಂದು ಗುರಿಕಾರರು ಕಿಟಕಿಯ ಕಡೆ ತಿರುಗಿ ಕೂತರು. ನಾನು ಹಿಂದಿನ ಸೀಟಿನಲ್ಲಿ ನಿದ್ದೆ ಹೋದ ಮಾನಸಳ ತಲೆಯನ್ನು ಹಿಡಿದುಕೊಂಡು ಇಷ್ಟನ್ನೂ ಕೇಳಿದೆ. ಕೇಳಿಯೂ ನನಗೆ ಏನೂ ಹೊಳೆಯಲಿಲ್ಲ. ಮಾವ ಮನೆಯಲ್ಲಿ ಗಂಜಿ ಉಣ್ಣುತ್ತಿರುವುದು ಊರಿಗೆಲ್ಲ ಕಾಣುತ್ತದೆ ಎಂದು ತಿಳಿದಿದ್ದೆನೋ ಏನೋ.

ಭಾನುವಾರ ಬೆಳಿಗ್ಗೆ ಮಾವನ ಕಫ ಇಳಿದಿತ್ತು. ಆದರೆ ಕೋಣೆಯ ಕಿಟಕಿಯಿಂದ ಮರವನ್ನು ನೋಡುತ್ತಾ ಮಂಚದ ಮೇಲೆ ಕೂತೇ ಇದ್ದರು. ಹೊರಗೆ ನಮ್ಮವರು ಏಣಿ ಇಡುತ್ತಿದ್ದರು. "ಅಪ್ಪಾ, ಹೊರಗೆ ಬಂದು ಕೂತುಕೊಳ್ಳಿ, ನೋಡಿ," ಎಂದು ಎರಡು ಸಲ ಕರೆದಿದ್ದರು. ಮಾವ ಎದ್ದಿರಲಿಲ್ಲ.

"ಅದರ ಶಬ್ದ ಹೇಗಿರುತ್ತದೋ," ಎಂದರು ನನ್ನ ಹತ್ತಿರ.

ಅವರ ಮುಖ ನೋಡಿದೆ. ಒಂದು ಗೆಲ್ಲಾದರೂ ಅವರ ಮರದ್ದಲ್ಲವೇ? ದೇವರ ದೀಪದ ಬತ್ತಿಗೆಂದು ಇಟ್ಟಿದ್ದ ಹತ್ತಿಯನ್ನು ಉಂಡೆ ಮಾಡಿ ತಂದೆ. ಎರಡು ಕಿವಿಗೂ ಇಟ್ಟೆ. ಮಲಗಿಸಿ, ಒಗೆದ ಬಿಳಿ ಬಟ್ಟೆಯನ್ನು ಕುತ್ತಿಗೆಯ ತನಕ ಹೊದೆಸಿದೆ.

"ಬುಡ ಮುಟ್ಟುವುದಿಲ್ಲ ಅಲ್ವಾ ಮಗಾ?" ಕಿವಿ ಮುಚ್ಚಿದ್ದರಿಂದ ಮಾವ ಜೋರಾಗಿ ಕೇಳಿದರು.

ನಾನು ಒಂದು ಬೆರಳು ಎತ್ತಿ ತೋರಿಸಿದೆ. ಒಂದೇ ಗೆಲ್ಲು. ಅವರು ಕಣ್ಣು ಮುಚ್ಚಿದರು. ನಾನು ನೀರುದೋಸೆಗೆ ಅಕ್ಕಿ ಅರೆಯಲು ಹೋದೆ.

ಮೆಷಿನ್ ಸುಲಭವಾಗಿ ಸುರುವಾಗಲಿಲ್ಲ. ಹಗ್ಗವನ್ನು ಎಳೆದು ಎಳೆದು ಮೂವತ್ತೊಂದನೆಯ ಎಳೆತಕ್ಕೆ ಅದು ಬಾಯಿ ಬಿಟ್ಟಿತು. ಅಡುಗೆಮನೆಯ ಲೋಟಗಳು ಸ್ಟ್ಯಾಂಡಿನಲ್ಲಿ ಕುಣಿದವು. ವಹಾಬರ ಕೋಳಿಗಳು ಮನೆಯ ಮಾಡು ಹತ್ತಿದವು. ಕಡಲ ಬದಿಯಲ್ಲಿ ಕೈರಂಪಣಿಯವರು ಬಲೆ ಬಿಡಲು ಹೊರಟಿದ್ದರಂತೆ. ಶಬ್ದ ಕೇಳಿ ದೋಣಿಯನ್ನು ನೀರಿನಿಂದ ವಾಪಸು ಎಳೆದರಂತೆ. ಇದೆಲ್ಲ ನನಗೆ ಆಮೇಲೆ ತಿಳಿದದ್ದು.

ನಮ್ಮವರು ಏಣಿಯ ಮೇಲೆ ನಿಂತು ಗೆಲ್ಲನ್ನು ಅಡಿಯಿಂದಲೇ ಕೊಯ್ದುಕೊಂಡು ಹೋದರು. ಡೆರಿಕ್ ಹೇಳಿದ ಹಾಗೆಯೇ ಆಯಿತು. ಅರ್ಧ ದಾರಿಯಲ್ಲಿ ಗೆಲ್ಲು ಬಾಗಿ ಬಾರನ್ನು ಕಚ್ಚಿ ಹಿಡಿಯಿತು. ಎಳೆದರೂ ಬರಲಿಲ್ಲ, ನೂಕಿದರೂ ಹೋಗಲಿಲ್ಲ. ಮೆಷಿನ್ ನಿಲ್ಲಿಸಿ ಏಣಿಯ ಮೇಲೆ ಮೆಷಿನಿಗೆ ನೇತುಬಿದ್ದು ನಿಂತಿದ್ದಾಗ ಗೇಟು ತೆರೆಯಿತು.

ಗುರಿಕಾರ ಸೂರಪ್ಪಣ್ಣ ಮುಂದೆ, ಹಿಂದೆ ಹಗ್ಗ, ಕೊಡಲಿ ಹಿಡಿದ ಎಂಟು ಜನ. ಯಾರ ಬಾಯಲ್ಲೂ ಒಂದು ಮಾತಿಲ್ಲ. ಗುರಿಕಾರರು ನಮ್ಮವರ ಕೈ ಹಿಡಿದು ಏಣಿಯಿಂದ ಇಳಿಸಿದರು.

"ಮಗನಾಗಿ ನೀನು ಇದನ್ನು ಮುಟ್ಟುವುದಾ ಯೋಗೀಶ? ನಾವು ಇಲ್ಲವಾ?"

"ಇಲ್ಲ ಗುರಿಕಾರ್ರೇ, ನನಗೆ ಒಂದು ಗೆಲ್ಲು..."

"ಮಾತಾಡಬೇಡ. ಎಲ್ಲ ನಮಗೆ ಗೊತ್ತುಂಟು. ಹೋಗು, ಸ್ನಾನ ಮಾಡು."

ನಮ್ಮವರು ತಮ್ಮ ಮೈ ನೋಡಿಕೊಂಡರು. ಮರದ ಹುಡಿ, ಆಯಿಲ್, ಬೆವರು. ಸ್ನಾನ ಮಾಡಬೇಕಾದದ್ದು ಸತ್ಯವೇ. ಸಿಕ್ಕಿಬಿದ್ದ ಮೆಷಿನನ್ನು ಬಿಡಿಸಲು ಒಂಬತ್ತು ಜನ ಕರೆಯದೆ ಬಂದದ್ದನ್ನು ಕಂಡು ಅವರ ಮನಸ್ಸು ತುಂಬಿತು. ಅಡುಗೆಮನೆಗೆ ಬಂದು, "ಹರಿಣಾ, ಹತ್ತು ಚಹಾ ಇಡು. ನಮ್ಮ ಊರಿನಂಥ ಊರು ಬೇರೆ ಇಲ್ಲ," ಎಂದು ಹೇಳಿ ಬಚ್ಚಲಿಗೆ ಹೋದರು. ಒಳಗಿನಿಂದ ಹಾಡಿನ ಗುನುಗು ಕೇಳಿತು. ಅಂಗಳಕ್ಕೂ ಕೇಳಿತಂತೆ. "ಪಾಪ, ದುಃಖ ತಲೆಗೆ ಹತ್ತಿದೆ," ಎಂದರಂತೆ ಒಬ್ಬರು.

ನಾನು ಚಹಾದ ಕೆಟಲನ್ನು ಮಾನಸಳ ಕೈಯಲ್ಲಿ ಕಳುಹಿಸಿದೆ. ಅವಳು ತುಂಬಿದ ಕೆಟಲ್ ವಾಪಸು ತಂದಳು.

"ಅಮ್ಮಾ, ಇವತ್ತು ನಮ್ಮ ಮನೆಯಲ್ಲಿ ಒಲೆ ಉರಿಸಬಾರದಂತೆ."

"ಯಾಕಂತೆ?"

"ಗೊತ್ತಿಲ್ಲ. ಅಜ್ಜ ಎಲ್ಲಿ ಅಂತ ಕೇಳಿದರು. ಒಳಗೆ ಮಲಗಿದ್ದಾರೆ, ಅಮ್ಮ ಹತ್ತಿ ಇಟ್ಟು ಬಿಳಿ ಬಟ್ಟೆ ಹೊದೆಸಿದ್ದಾರೆ ಅಂತ ಹೇಳಿದೆ. ಗುರಿಕಾರಜ್ಜ ನನ್ನ ತಲೆ ಸವರಿದರು. ಅವರು ಅಳುತ್ತಿದ್ದಾರೆ ಅಮ್ಮಾ."

"ಕಣ್ಣಿಗೆ ಮರದ ಹುಡಿ ಬಿದ್ದಿರಬೇಕು. ಒಂದು ಚೊಂಬು ನೀರು ಕೊಂಡುಹೋಗಿ ಕೊಡು," ಎಂದೆ.

ಒಲೆಯ ಮಾತು ಕೇಳಿದಾಗಲಾದರೂ ನಾನು ನಿಲ್ಲಬೇಕಿತ್ತು. ಇಲ್ಲ, ಸೆಕೆಗೆ ಹೇಳಿದ್ದಾರೆ ಅಂದುಕೊಂಡೆ. ಹೊರಗೆ ಮೆಷಿನ್ ಮತ್ತೆ ಸುರುವಾಯಿತು. ಅದರ ಸ್ವರ ಬದಲಾದದ್ದೂ ನನಗೆ ಕೇಳಿತ್ತು. ಗೆಲ್ಲು ಕೊಯ್ಯುವಾಗ ಕಿರುಚುತ್ತಿದ್ದದ್ದು ಈಗ ಎದೆಯ ಒಳಗಿನಿಂದ ಮೊರೆಯುತ್ತಿತ್ತು. ದಪ್ಪದ್ದನ್ನು ಕೊಯ್ಯುತ್ತಿದ್ದಾರೆ ಎಂದು ಯಾರಿಗಾದರೂ ಗೊತ್ತಾಗುತ್ತಿತ್ತು. ಹೋಗಿ ನೋಡಬೇಕಿತ್ತು. ಗ್ರೈಂಡರಿನಲ್ಲಿ ಅಕ್ಕಿ ಇನ್ನೊಂದು ಸುತ್ತು ನುಣ್ಣಗಾಗಲಿ ಎಂದು ನಿಂತೆ.

ಆಮೇಲೆ ಕಾಲಡಿಯ ನೆಲ ಒಮ್ಮೆ ನಡುಗಿತು. ಅಡುಗೆಮನೆಗೆ ಬಿಸಿಲು ಬಂತು. ನಾನು ಮದುವೆಯಾಗಿ ಬಂದ ಮೇಲೆ ಆ ಕಿಟಕಿಯಿಂದ ಬೆಳಗಿನ ಬಿಸಿಲು ಬಂದದ್ದಿಲ್ಲ. ಅರೆದ ಹಿಟ್ಟಿನ ಮೇಲೆ, ನನ್ನ ಕೈಯ ಮೇಲೆ, ಗೋಡೆಯ ಎಣ್ಣೆ ಕಲೆಯ ಮೇಲೆ ಬಿಸಿಲು. ನನಗೆ ಆಗಲೇ ಗೊತ್ತಾಯಿತು.

ನಾನು ಓಡಿ ಬರುವಾಗ ಅಂಗಳದಲ್ಲಿ ಮೂವತ್ತು ಜನ ಇದ್ದರು. ಮರ ಉದ್ದಕ್ಕೆ ಮಲಗಿತ್ತು. ಬಲೆ ಎಳೆಯುವವರ ಹಗ್ಗದ ಕೆಲಸ, ಹೇಳುವುದೇ ಬೇಡ. ವಹಾಬರ ಶೀಟಿಗೆ ಒಂದು ಎಲೆ ತಾಗಿರಲಿಲ್ಲ. ಗುಳ್ಳದ ಗಿಡ ಒಂದೂ ಮುರಿದಿರಲಿಲ್ಲ. ಜಗಳ ಮಾಡಲು ಒಂದು ಕಾರಣವನ್ನೂ ಅವರು ಉಳಿಸಿರಲಿಲ್ಲ.

ನೆಲ ನಡುಗಿದ್ದಕ್ಕೆ ಎಚ್ಚರವಾಗಿ ಮಾವನೂ ಹೊರಗೆ ಬಂದರು. ಬಿಳಿ ಬಟ್ಟೆ ಹೆಗಲ ಮೇಲೆ, ಹತ್ತಿ ಕಿವಿಯಲ್ಲಿ.

ಒಬ್ಬನ ಕೈಯಿಂದ ಕೊಡಲಿ ಬಿತ್ತು. ಹೆಂಗಸರಲ್ಲಿ ಇಬ್ಬರು ಬಾವಿಯ ಹಿಂದೆ ಹೋದರು. ಗುರಿಕಾರರು ಏನು ಮಾಡುವುದೆಂದು ತಿಳಿಯದೆ ಎರಡೂ ಕೈ ಜೋಡಿಸಿದರು. ಸರಿಯಾಗಿ ಅದೇ ಹೊತ್ತಿಗೆ ಗೇಟಿನ ಹತ್ತಿರ ಕಾರು ನಿಂತು, "ಅಪ್ಪಾ! ನಮ್ಮನ್ನು ಬಿಟ್ಟು ಹೋದಿರಾ ಅಪ್ಪಾ!" ಎಂದು ಎದೆ ಬಡಿದುಕೊಳ್ಳುತ್ತಾ ಸರಸ ಅತ್ತಿಗೆ ಇಳಿದರು. ಬೆಳಿಗ್ಗೆ ಮೆಷಿನಿನ ಮೊದಲ ಶಬ್ದಕ್ಕೇ ಅವರಿಗೆ ಊರಿನಿಂದ ಫೋನ್ ಹೋಗಿತ್ತು.

ಮಾವ ಮಗಳನ್ನು ನೋಡಿದರು. "ಎಂತ ಸರಸ, ಇಷ್ಟು ಬೇಗ? ತಿಂಡಿ ಆಯಿತಾ?"

ಅತ್ತಿಗೆಗೆ ಸುರುಮಾಡಿದ ಅಳುವನ್ನು ನಿಲ್ಲಿಸಲು ಬರಲಿಲ್ಲ. "ತಿಂಡಿ ಆಗಲಿಲ್ಲ ಅಪ್ಪಾ!" ಎಂದು ಅದೇ ರಾಗದಲ್ಲಿ ಅತ್ತರು.

ಆಗ ಬಚ್ಚಲ ಬಾಗಿಲು ತೆರೆಯಿತು. ನಮ್ಮವರು ಲುಂಗಿ ಸುತ್ತಿಕೊಂಡು, ಟವೆಲಿನಲ್ಲಿ ತಲೆ ಒರೆಸುತ್ತಾ, ನಗುಮುಖದಲ್ಲಿ ಬಂದರು.

"ಆಯಿತಾ ಗೆಲ್ಲು?"

ಮೂವತ್ತು ಜನರೂ ಅವರನ್ನೇ ನೋಡಿದರು. ನಮ್ಮವರು ಮರ ಇದ್ದ ಜಾಗದ ಕಡೆ ತಿರುಗಿದರು. ಟವೆಲು ತಲೆಯ ಮೇಲೆಯೇ ಉಳಿಯಿತು.

ಮಾವ ಮರದ ಉದ್ದಕ್ಕೂ ನಡೆದುಕೊಂಡು ಹೋದರು. ಬಲಿಯದ ಕಾಯಿಗಳು ಅಂಗಳದ ತುಂಬ ಚೆಲ್ಲಿದ್ದವು. ತುದಿಯಲ್ಲಿ ಅರ್ಧ ಕೊಯ್ದ ಆ ಗೆಲ್ಲು ಇನ್ನೂ ಮರಕ್ಕೆ ಅಂಟಿಕೊಂಡೇ ಇತ್ತು. ಅದನ್ನು ಕಾಲಿನಿಂದ ಮುಟ್ಟಿ ನೋಡಿದರು. ಒಂದು ಕಿವಿಯ ಹತ್ತಿ ತೆಗೆದರು, ಇನ್ನೊಂದು ಕಿವಿಯದ್ದನ್ನೂ ತೆಗೆದರು. ನನ್ನ ಹತ್ತಿರ ಬಂದು ಎರಡೂ ಉಂಡೆಗಳನ್ನು ನನ್ನ ಕೈಯಲ್ಲಿಟ್ಟರು.

"ಒಳ್ಳೆಯ ಕೆಲಸ ಮಾಡಿದ್ದಾರೆ," ಎಂದರು ಗುರಿಕಾರರ ಕಡೆ ನೋಡಿ. "ಗುಳ್ಳ ಒಂದೂ ಹಾಳಾಗಲಿಲ್ಲ." ಮತ್ತೆ ಒಳಗೆ ಹೋದರು.

ಬಂದವರಿಗೆ ಕೊನೆಗೆ ಚಹಾ ಕೊಟ್ಟೆ. ಕುಡಿದರು. ಆ ದಿನ ಬಲೆ ಬಿಡಲಿಲ್ಲವಲ್ಲ, ತೆಂಕಿನ ಊರಿನವರಿಗೆ ಅದೇ ದಿನ ಬಂಗುಡೆಯ ಹಿಂಡು ಸಿಕ್ಕಿತಂತೆ, ಬುಟ್ಟಿ ಸಾಲದಷ್ಟು. ನಮ್ಮ ಊರಿನವರಲ್ಲಿ ಒಬ್ಬರೂ ಅದನ್ನು ನಮ್ಮೆದುರು ಎತ್ತಿ ಆಡಲಿಲ್ಲ. ಬೈದಿದ್ದರೆ ಸ್ವಲ್ಪ ಹಗುರವಾಗುತ್ತಿತ್ತು.

ಸೋಮವಾರ ಪಂಚಾಯತಿನಿಂದ ಒಬ್ಬರು ಮರಣ ದಾಖಲಿಸುವ ಫಾರಂ ಹಿಡಿದುಕೊಂಡು ಬಂದರು. ಜಗಲಿಯಲ್ಲಿದ್ದ ಮಾವನ ಹತ್ತಿರವೇ, "ದೂಮಪ್ಪನವರ ಮನೆ ಇದೇ ಅಲ್ವಾ? ತೀರಿಕೊಂಡವರ ಆಧಾರ್ ಬೇಕಿತ್ತು," ಎಂದರು.

"ನಾನೇ," ಎಂದರು ಮಾವ.

"ಒಳ್ಳೆಯದಾಯಿತು, ನೀವೇ ಸಿಕ್ಕಿದಿರಿ. ವಯಸ್ಸು ಎಷ್ಟು ಬರೆಯಲಿ?" ಎಂದು ಕೇಳಿ, ಅರ್ಧ ಬರೆದ ಮೇಲೆ ಆ ಮನುಷ್ಯ ಪೆನ್ನು ನಿಲ್ಲಿಸಿದ. ಮೊದಲಾಗಿದ್ದರೆ ಮಾವ ಈ ಕಥೆಯನ್ನು ಊರೆಲ್ಲ ಹೇಳಿ ನಗುತ್ತಿದ್ದರು. ಆವತ್ತು "ಮಗಾ, ಇವರಿಗೆ ಒಂದು ಚಹಾ ಕೊಡು," ಎಂದಷ್ಟೇ ಹೇಳಿದರು.

ಡೆರಿಕ್ ಕೂಡ ಫೋನ್ ಮಾಡಿದರು. ಸುದ್ದಿ ಹೇಗೆ ಹೋಗಿತ್ತೋ, ಸ್ವರದಲ್ಲಿ ತುಂಬ ದುಃಖವಿತ್ತು. "ಮೆಷಿನ್ ಸರಿ ಕೆಲಸ ಮಾಡಿತಾ ಯೋಗೀಶ್?"

"ಹೆಚ್ಚೇ ಮಾಡಿತು," ಎಂದು ನಮ್ಮವರು ಫೋನ್ ಇಟ್ಟರು. ಮೆಷಿನನ್ನು ಪೆಟ್ಟಿಗೆಯೊಳಗೆ ಹಾಕಿ ಅಟ್ಟಕ್ಕೆ ಏರಿಸಿದರು. ಕಡಲಿಗೆ ಕರೆದುಕೊಂಡು ಹೋಗಿ ವಾಪಸು ತಂದು ಬಿಟ್ಟ ಮಕ್ಕಳ ಮುಖ ಹೇಗಿರುತ್ತದೆ ಎಂದು ನಾನು ಆಗ ನೋಡಿದೆ. ಅವರಿಗೆ ನಲವತ್ತೈದು ವರ್ಷ.

ಉಳಿದದ್ದು ಕಟ್ಟಿಗೆ. ತುಂಡು ಮಾಡಿ ಹಿತ್ತಿಲಿನಲ್ಲಿ ಪೇರಿಸಿ ನೀಲಿ ಟರ್ಪಾಲು ಹಾಕಿದ್ದೆವು. ಒಬ್ಬರ ಹೆಸರಿನಲ್ಲಿ ಬಿದ್ದ ಮರವನ್ನು ನಮ್ಮ ಬಚ್ಚಲ ಒಲೆಗೆ ಹಾಕಲು ಯಾರಿಗೂ ಕೈ ಬರಲಿಲ್ಲ. ಗುರಿಕಾರರು ಒಮ್ಮೆ ಬಂದು, ತಲೆ ತಗ್ಗಿಸಿಕೊಂಡು, "ಹಾಗೆಯೇ ಇಡಬಹುದು ಅಲ್ವಾ ದೂಮಣ್ಣ? ಒಣಗಿದರೆ ಹಾಳಾಗುವುದಿಲ್ಲ," ಎಂದರು.

"ನನ್ನನ್ನು ಕಾಯುತ್ತಾ ಕೂತ ಕಟ್ಟಿಗೆಯನ್ನು ನೋಡಿಕೊಂಡು ನಾನು ದಿನಾ ಗಂಜಿ ಉಣ್ಣುವುದಾ ಸೂರಪ್ಪ?" ಎಂದರು ಮಾವ.

ಮನೆಗೆ ಬಂದವರಿಗೆ ಕೈ ಮಾಡಿ ತೋರಿಸಲು ಅವರಿಗೆ ಈಗ ಏನೂ ಇರಲಿಲ್ಲ. ಅಭ್ಯಾಸದಿಂದ ಕೈ ಎತ್ತುತ್ತಿದ್ದರು. ಅಲ್ಲಿ ವಹಾಬರ ಶೀಟು ಕಾಣುತ್ತಿತ್ತು. ಕೈಯನ್ನು ಹಾಗೇ ತಂದು ತಲೆ ಕೆರೆದುಕೊಳ್ಳುತ್ತಿದ್ದರು. ನನಗೆ ಒಂದು ಮಾತು ಬೈಯುತ್ತಾರೆಂದು ಒಂದು ತಿಂಗಳು ಕಾದೆ. ಗಂಜಿ ಬಡಿಸುವಾಗ, ಕಷಾಯ ಕೊಡುವಾಗ, ಈಗ ಕೇಳುತ್ತಾರೆ, ಈಗ ಕೇಳುತ್ತಾರೆ ಎಂದು ನಿಂತೆ. ನೋಡಿಕೊಳ್ಳುತ್ತೇನೆ ಎಂದಿದ್ದೆಯಲ್ಲ ಎಂದು ಕೇಳಬಹುದಿತ್ತು. ಹತ್ತಿ ಯಾಕೆ ಇಟ್ಟೆ ಎಂದು ಕೇಳಬಹುದಿತ್ತು. ಆ ಶಬ್ದ ಅವರಿಗೆ ಕೇಳಿದ್ದರೆ ಎದ್ದು ಬಂದು ಒಂದು ಬೊಬ್ಬೆ ಹಾಕುತ್ತಿದ್ದರು, ಮರ ನಿಂತಿರುತ್ತಿತ್ತು. ಅವರು ಕೇಳಲಿಲ್ಲ. ಉಪ್ಪು ಕಡಿಮೆ ಎಂದು ಕೂಡ ಹೇಳುವುದನ್ನು ಬಿಟ್ಟರು.

ಮದುವೆಗೆ ನಾಲ್ಕು ದಿನ ಇರುವಾಗ ವಹಾಬರು ಬೇಲಿಯ ಹತ್ತಿರ ಯಾರಿಗೋ ಫೋನಿನಲ್ಲಿ ಬೇಡುತ್ತಿದ್ದರು. ಬಿರಿಯಾನಿಗೆ ಹೇಳಿಟ್ಟಿದ್ದ ಕಟ್ಟಿಗೆಯ ಲಾರಿ ಬಂದಿರಲಿಲ್ಲ. ಮಾವ ಜಗಲಿಯಿಂದಲೇ ಕೂಗಿದರು.

"ವಹಾಬ, ಇಲ್ಲಿ ಉಂಟಲ್ಲ!"

ವಹಾಬರು ಫೋನ್ ಇಳಿಸಿದರು. ಟರ್ಪಾಲನ್ನು ನೋಡಿದರು, ಮಾವನನ್ನು ನೋಡಿದರು. "ಬೇಡ ದೂಮಣ್ಣ. ಅದು... ಅದು ನಿಮ್ಮದು. ನನ್ನ ಶೀಟಿನಿಂದಾಗಿಯೇ ಇಷ್ಟೆಲ್ಲ ಆದದ್ದು. ಉಮ್ಮ ಈಗ ಮಧ್ಯಾಹ್ನ ಮಲಗುವುದೇ ಇಲ್ಲ. ಕಾಯಿ ಬೀಳುವ ಶಬ್ದ ಇಲ್ಲದೆ ನಿದ್ದೆ ಬರುವುದಿಲ್ಲವಂತೆ."

"ಸಮೀಹಾ ಹಲ್ಲು ಬಂದಾಗಿನಿಂದ ತಿಂದದ್ದು ಈ ಮರದ ಕಾಯಿ. ಅವಳ ಮದುವೆಯ ಅನ್ನ ಇದರಲ್ಲಿ ಬೇಯಲಿ. ನಾನು ಹೋಗುವಾಗ ಯಾವುದಾದರೂ ಒಂದು ಕಟ್ಟಿಗೆ ಸಿಗುತ್ತದೆ. ಸುಡುವವನಿಗೆ ಜಾತಿ ನೋಡಲಿಕ್ಕೆ ಪುರುಸೊತ್ತು ಇರುವುದಿಲ್ಲ." ಮಾವ ಮಗನ ಕಡೆ ತಿರುಗಿದರು. "ಯೋಗೀಶ, ಅಡುಗೆಯವರ ಒಲೆಗೆ ಇಷ್ಟು ದೊಡ್ಡ ತುಂಡು ಹೋಗುವುದಿಲ್ಲ. ನಿನ್ನ ಆ ಮೆಷಿನ್ ಉಂಟಲ್ಲ, ತೆಗಿ."

ನಮ್ಮವರು ಅಟ್ಟ ಹತ್ತಿ ಪೆಟ್ಟಿಗೆ ಇಳಿಸಿದರು. ಮಾವ ತಮ್ಮ ಕುರ್ಚಿಯನ್ನು ತಾವೇ ಎತ್ತಿಕೊಂಡು ಹೋಗಿ ಹಿತ್ತಿಲಿನಲ್ಲಿ, ಕಟ್ಟಿಗೆಯ ರಾಶಿಗೆ ಹತ್ತಿರವೇ, ಹಾಕಿ ಕೂತರು. ಮಗ ಆಯಿಲ್ ಬೆರೆಸುವುದನ್ನು ನೋಡಿದರು. "ಹಗ್ಗವನ್ನು ಒಮ್ಮೆಗೇ ಎಳೆಯಬೇಡ. ಮೊದಲು ಸ್ವಲ್ಪ ಎಳೆದು, ಬಿಗಿಯಾದ ಮೇಲೆ ಜೋರು," ಎಂದರು. ದೋಣಿಯ ಇಂಜಿನ್ ಎಳೆದು ಬಂದ ಬುದ್ಧಿ. ಎರಡನೆಯ ಎಳೆತಕ್ಕೇ ಸುರುವಾಯಿತು.

ನನ್ನ ಒಲೆಯ ಮೇಲೆ ಅನ್ನ ಇತ್ತು. ಒಳಗೆ ಹೋಗಲು ತಿರುಗಿದವಳು ಮಾವನನ್ನು ನೋಡಿ ನಿಂತೆ. ಶಬ್ದಕ್ಕೆ ಅವರು ಕಣ್ಣು ಕಿರಿದು ಮಾಡಿದ್ದರು. ನಾನು ಏನೂ ಹೇಳಿರಲಿಲ್ಲ, ನನ್ನ ಕೈಯಲ್ಲಿ ಏನೂ ಇರಲಿಲ್ಲ. ಆದರೂ ಅವರು ಮೆಷಿನಿಗಿಂತ ಜೋರಾಗಿ ನನ್ನ ಕಡೆ ಕೂಗಿ ಹೇಳಿದರು.

"ಈ ಸಲ ಹತ್ತಿ ಬೇಡ ಮಗಾ."

ಅಷ್ಟೇ. ಎಲ್ಲ ತುಂಡುಗಳೂ ಮುಗಿಯುವ ತನಕ ಅವರು ಅಲ್ಲಿಂದ ಏಳಲಿಲ್ಲ. ನಾನೂ ಅವರ ಕುರ್ಚಿಯ ಹಿಂದೆ ನಿಂತೆ. ಅನ್ನ ತಳ ಹಿಡಿಯಿತು.